ಒಂದು ಶಬ್ದಕ್ಕಾಗಿ ನಡೆದ ವಾದ



ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರನ್ನು ಸೇರಿ, ಮುಂದೆ ಮುದಗಲ್ಲಿಗೆ ಹೋದವರು ಅಲ್ಲಿಯ ಕೋಟೆಯನ್ನು ಕಂಡಂತೆ ಪುರಾತನ ಕ್ರೈಸ್ತ ದೇವಾಲಯವನ್ನೂ ಕಂಡಿರಬಹುದು. ಅಲ್ಲಿಯ ಕ್ರೈಸ್ತರು ಶತಮಾನಗಳಿಂದ ನಮ್ಮ ನೆರೆಯವರು. ‘ಪಿತ, ಸುತ, ಪವಿತ್ರಾತ್ಮ’ ಎಂಬ ಅವರ ನುಡಿಯನ್ನು ಕೇಳಿ, ಇವರು ತ್ರಿಮೂರ್ತಿಗಳಂತೆ ಮೂವರು ದೇವರನ್ನು ಪೂಜಿಸುವವರೆಂದು ನಮ್ಮವರು ಹೇಳುವುದುಂಟು. ವಿದ್ಯಾರ್ಥಿದೆಸೆಯಲ್ಲಿ ನಾವೂ ಹಾಗೆಯೇ ತಿಳಿದಿದ್ದೆವು. ಇತಿಹಾಸವನ್ನು ಓದಿದ ಮೇಲೆ ಆ ತಿಳಿವಳಿಕೆ ತಪ್ಪೆಂದು ಮನವರಿಕೆಯಾಯಿತು.

ಸುಮಾರು ಕ್ರಿ.ಶ. 318ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ ಏರಿಯಸ್ ಎಂಬ ಪಾದ್ರಿ ಒಂದು ವಾದವನ್ನು ಹೂಡಿದನು. ದೇವರು ಒಬ್ಬನೇ, ಅವನು ಅನಾದಿ, ಅಜಾತ. ಹುಟ್ಟಿದವನಿಗೆ ಆದಿಯುಂಟು. ಆದುದರಿಂದ ಸುತನು ಎಷ್ಟೇ ಶ್ರೇಷ್ಠನಾದರೂ ಸೃಷ್ಟಿಗೆ ಸೇರಿದವನೇ ಎಂಬುದು ಅವನ ನಿಲುವು. ದೇವರ ಏಕತ್ವವನ್ನು ಕಾಪಾಡುವುದೇ ಅವನ ಉದ್ದೇಶ. ಇದಕ್ಕೆ ಪ್ರತಿಯಾಗಿ ಅಥನಾಸಿಯಸನು ಕೇಳಿದುದೂ ಲಘುವಾದುದಲ್ಲ: ಸೃಷ್ಟಿಗೊಂಡವನು ಸೃಷ್ಟಿಯನ್ನು ಉದ್ಧರಿಸುವುದು ಹೇಗೆ?

ವಿವಾದವು ರಾಜ್ಯವನ್ನೇ ಕಲಕಿತು. 325ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಾಂಟೈನನು ಇಂದಿನ ತುರ್ಕಿ ದೇಶದಲ್ಲಿರುವ ನೈಸೀಯದಲ್ಲಿ ಧರ್ಮಾಧ್ಯಕ್ಷರ ಮಹಾಸಭೆಯನ್ನು ಕರೆದನು. ಸುತನು ಪಿತನೊಡನೆ ‘ಹೊಮೊಊಸಿಯೊಸ್’, ಅಂದರೆ ಒಂದೇ ಸತ್ತ್ವವುಳ್ಳವನು, ಎಂದು ಸಭೆ ನಿರ್ಣಯಿಸಿತು. ಏರಿಯಸನು ಗಡೀಪಾರಾದನು.

ಅಲ್ಲಿಗೆ ವಾದ ಮುಗಿಯಿತೇ? ಇಲ್ಲ. ಕೆಲವೇ ವರ್ಷಗಳಲ್ಲಿ ಅದೇ ಚಕ್ರವರ್ತಿ ಏರಿಯಸನನ್ನು ಮರಳಿ ಕರೆದನು. 335ರಲ್ಲಿ ಅಥನಾಸಿಯಸನನ್ನು ಗಡೀಪಾರು ಮಾಡಿದನು. ಅರಸರು ಬದಲಾದಂತೆ ಪಕ್ಷಗಳ ಭಾಗ್ಯವೂ ಬದಲಾಯಿತು. ಅಥನಾಸಿಯಸನು ಒಟ್ಟು ಐದು ಬಾರಿ ತನ್ನ ಪೀಠವನ್ನು ತೊರೆಯಬೇಕಾಯಿತು. ಕೊನೆಗೆ ಬೆಸಿಲ್ ಮೊದಲಾದ ಕಪ್ಪದೋಕಿಯ ಪಂಡಿತರು, ಸತ್ತ್ವ ಒಂದು, ವ್ಯಕ್ತಿಗಳು ಮೂರು ಎಂದು ಶಬ್ದಗಳ ಅರ್ಥವನ್ನು ಬಿಡಿಸಿದರು. ಅದರ ಆಧಾರದ ಮೇಲೆ 381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆ ನೈಸೀಯದ ನಿಲುವನ್ನು ಸ್ಥಿರಪಡಿಸಿತು. ಆಗಲೂ ರಾಜಾಜ್ಞೆ ಬೆನ್ನಿಗಿತ್ತು ನಿಜ. ಆದರೆ ಐವತ್ತು ವರ್ಷಗಳ ಆಜ್ಞೆಗಳು ತಿಳಿಗೊಳಿಸದ ಅರ್ಥವನ್ನು ತಿಳಿಗೊಳಿಸಿದುದು ಜಿಜ್ಞಾಸೆ. ಮೂವರು ದೇವರೆಂಬ ಮಾತನ್ನು ಉಭಯಪಕ್ಷಗಳೂ ಒಪ್ಪಿರಲಿಲ್ಲವೆಂಬುದನ್ನು ಗಮನಿಸಬೇಕು.

ಈಗ ನಮ್ಮ ನೆಲಕ್ಕೆ ಬರೋಣ. 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಿಲಾಶಾಸನ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿತು. ಅವನೂ ಧರ್ಮದ ವಿಷಯದಲ್ಲಿ ಕೈಹಾಕಿದ ಅರಸನೇ. ಬೌದ್ಧಸಂಘವನ್ನು ಒಡೆಯುವ ಭಿಕ್ಷುಗಳನ್ನು ಹೊರಹಾಕುವಂತೆ ಶಾಸನ ಹೊರಡಿಸಿದವನು. ಆದರೆ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿರುವ ಅವನ ಹನ್ನೆರಡನೆಯ ಶಿಲಾಶಾಸನ ಇನ್ನೊಂದು ಬುದ್ಧಿವಾದವನ್ನೂ ಹೇಳುತ್ತದೆ: ಸ್ವಮತದ ಅಭಿಮಾನದಿಂದ ಪರಮತವನ್ನು ಹಳಿಯುವವನು ಸ್ವಮತಕ್ಕೇ ಹಾನಿ ಮಾಡುತ್ತಾನೆ, ಅನ್ಯರ ಧರ್ಮವನ್ನು ಕೇಳಿ ಅರಿಯಬೇಕು.

ಆದುದರಿಂದ ಭಕ್ತರೇ, ಮುದಗಲ್ಲಿನ ನೆರೆಯವರ ದೇವರನ್ನು ಎಣಿಸುವ ಮೊದಲು ಅವರನ್ನೇ ಕೇಳಿರಿ. ಅವರ ಸಿದ್ಧಾಂತವನ್ನು ಒಪ್ಪಲೇಬೇಕೆಂದಿಲ್ಲ. ತಿಳಿಯದೆ ಆಡಬಾರದು, ಅಷ್ಟೇ.