ರಹೀಮ್ ಸಾಬ್: ಭಾರತಕ್ಕೆ ಫುಟ್‌ಬಾಲ್‌ನಲ್ಲಿ ಎರಡು ಚಿನ್ನ ತಂದುಕೊಟ್ಟ ಸ್ಕೂಲ್ ಮೇಷ್ಟ್ರು ಯಾರು?

ಹುಣಸೂರು: ಬೈಲಕುಪ್ಪೆ, ಗುರುಪುರದ ಟಿಬೆಟಿಯನ್ ಕ್ಯಾಂಪ್‌ಗಳನ್ನ ಬಿಟ್ಟರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಭಾಗದಲ್ಲಿ ಮೈದಾನ ಅಂದರೆ ಕ್ರಿಕೆಟ್ಟು, ಇಲ್ಲಾಂದ್ರೆ ಕಬಡ್ಡಿ, ವಾಲಿಬಾಲ್. ಆದರೆ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತ ಎರಡು ಸಲ ಚಿನ್ನ ಗೆದ್ದಿದೆ, ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ಆಡಿದೆ. ಈ ಮೂರೂ ಸಲ ಕೋಚ್ ಆಗಿದ್ದವರು ಒಬ್ಬರೇ, ಸೈಯದ್ ಅಬ್ದುಲ್ ರಹೀಮ್. 2024ರಲ್ಲಿ ಅಜಯ್ ದೇವಗನ್ ನಟಿಸಿದ ‘ಮೈದಾನ್’ ಸಿನಿಮಾ ಬಂದಿದ್ದು ಇವರ ಮೇಲೆಯೇ. ಅವರ ಬದುಕಿನ ಪೂರ್ತಿ ವಿವರ ಇಲ್ಲಿದೆ.

ಮೇಷ್ಟ್ರಾಗಿದ್ದವರು

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದ್‌ನಲ್ಲಿ. ನಮ್ಮ ಕಲಬುರಗಿ, ಬೀದರ್, ರಾಯಚೂರು ಕೂಡ ಆಗ ಅದೇ ನಿಜಾಮರ ಸಂಸ್ಥಾನದಲ್ಲಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮುಗಿಸಿ, ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳಿದರು. ಆಮೇಲೆ ದೈಹಿಕ ಶಿಕ್ಷಣದ ತರಬೇತಿ ಪಡೆದು ಆಟದ ಕಡೆಗೇ ವಾಲಿದರು.

1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ ಆದರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಆ ತಂಡ ಬಾಂಬೆಯ ರೋವರ್ಸ್ ಕಪ್ಪನ್ನ 1950ರಿಂದ 1954ರವರೆಗೆ ಸತತ ಐದು ವರ್ಷ ಗೆದ್ದಿತು. ಕಲ್ಕತ್ತದ ದೊಡ್ಡ ಕ್ಲಬ್ಬುಗಳ ಮುಂದೆ ದಕ್ಷಿಣದ ಒಂದು ಪೊಲೀಸ್ ತಂಡ ಹೀಗೆ ಮೆರೆದದ್ದು ಆಗ ದೊಡ್ಡ ಸುದ್ದಿ.

ಹೇಗೆ ಕಲಿಸುತ್ತಿದ್ದರು?

ರಹೀಮ್ ಪದ್ಧತಿಗೆ ದುಡ್ಡು ಬೇಕಿರಲಿಲ್ಲ, ತಲೆ ಬೇಕಿತ್ತು.

* ಎಡಗಾಲಿನ ಪಂದ್ಯ: ಬಲಗಾಲಿನಲ್ಲಿ ಆಡುವವರು ಎಡಗಾಲಿನಲ್ಲೇ ಒದೆಯಬೇಕು, ಎಡಚರು ಬಲಗಾಲಿನಲ್ಲಿ. ಹೀಗೆ ಎರಡೂ ಕಾಲು ಪಳಗುತ್ತಿದ್ದವು.
* ಡ್ರಿಬ್ಲಿಂಗ್ ಇಲ್ಲದ ಪಂದ್ಯ: ಒಬ್ಬನೇ ಬಾಲ್ ಇಟ್ಕೊಂಡು ಓಡೋ ಹಾಗಿಲ್ಲ, ಸಿಕ್ಕ ಕೂಡಲೇ ಪಾಸ್ ಕೊಡಬೇಕು.
* 4-2-4: ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು. 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಪ್ರಸಿದ್ಧಿಗೆ ತಂದ ಈ ವಿನ್ಯಾಸವನ್ನ ಭಾರತ ತಂಡಕ್ಕೆ ಕಲಿಸಿದವರು ಇವರು.

ಗೆಲುವು, ಸೋಲು

1951, ದೆಹಲಿ: ಮೊದಲ ಏಷ್ಯನ್ ಗೇಮ್ಸ್. ಫೈನಲ್‌ನಲ್ಲಿ ಇರಾನ್ ವಿರುದ್ಧ 1-0. ಗೋಲು ಹೊಡೆದವರು ಮೇವಾಲಾಲ್. ಭಾರತಕ್ಕೆ ಚಿನ್ನ.

1952, ಹೆಲ್ಸಿಂಕಿ ಒಲಿಂಪಿಕ್ಸ್: ಯುಗೋಸ್ಲಾವಿಯಾ ಕೈಯಲ್ಲಿ 10-1ರ ಸೋಲು. ಚಳಿ ದೇಶದ ಮೈದಾನದಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲೇ ಆಡಿದ್ದರು. ಭಾರತದ ಆ ಒಂದು ಗೋಲು ಬಂದಿದ್ದು ಬೆಂಗಳೂರಿನ ಅಹ್ಮದ್ ಖಾನ್ ಅವರಿಂದ. ಇದಾದ ಮೇಲೆ ಬೂಟು ಕಡ್ಡಾಯವಾಯಿತು.

1956, ಮೆಲ್ಬರ್ನ್ ಒಲಿಂಪಿಕ್ಸ್: ಆಸ್ಟ್ರೇಲಿಯಾ ವಿರುದ್ಧ 4-2 ಗೆಲುವು, ನೆವಿಲ್ ಡಿಸೋಜಾ ಹ್ಯಾಟ್ರಿಕ್. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡ ಭಾರತ. ಅಲ್ಲಿ ಯುಗೋಸ್ಲಾವಿಯಾಗೆ 4-1ರಿಂದ, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಗೆ 3-0ಯಿಂದ ಸೋತು ನಾಲ್ಕನೇ ಸ್ಥಾನ. ಮೈಸೂರು ರಾಜ್ಯದ ಕೆಂಪಯ್ಯ ಈ ತಂಡದಲ್ಲಿದ್ದರು, ನಾಲ್ಕು ವರ್ಷದ ನಂತರ ರೋಮ್‌ಗೂ ಹೋದರು.

1960, ರೋಮ್ ಒಲಿಂಪಿಕ್ಸ್: ಫ್ರಾನ್ಸ್ ಜೊತೆ 1-1 ಡ್ರಾ. ಹಂಗೇರಿ, ಪೆರು ವಿರುದ್ಧ ಸೋತು ಮೊದಲ ಸುತ್ತಿನಲ್ಲೇ ಹೊರಗೆ.

ಕೊನೆಯ ಚಿನ್ನ: ಜಕಾರ್ತ 1962

ಈ ಹೊತ್ತಿಗೆ ರಹೀಮ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್. ಆದರೂ ತಂಡ ಬಿಡಲಿಲ್ಲ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಕೈಯಲ್ಲಿ 2-0 ಸೋಲು. ಆಮೇಲೆ ಥಾಯ್ಲೆಂಡ್, ಜಪಾನ್, ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಮೇಲೆ ಗೆಲುವು. ಫೈನಲ್‌ಗೆ ಮತ್ತೆ ಎದುರಾಗಿದ್ದು ಅದೇ ಕೊರಿಯಾ.

ಇಸ್ರೇಲ್ ಮತ್ತು ತೈವಾನನ್ನ ಆ ಕೂಟಕ್ಕೆ ಸೇರಿಸದೇ ಇದ್ದದ್ದನ್ನ ಭಾರತದ ಕ್ರೀಡಾ ಅಧಿಕಾರಿಯೊಬ್ಬರು ಪ್ರಶ್ನಿಸಿದ್ದರು. ಹಾಗಾಗಿ ಜಕಾರ್ತದ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಕ್ರೀಡಾಂಗಣ ತುಂಬಾ ಬರೀ ಕೂಗು, ಗೇಲಿ.

ತಂಡದಲ್ಲೂ ಗಾಯ, ಜ್ವರ. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಬಿದ್ದಿತ್ತು. ಹಿಂದೆ ನಿಂತು ಹೆಡ್ ಮಾಡುವುದು ಕಷ್ಟ ಅಂತ ರಹೀಮ್ ಅವರನ್ನ ಮುಂದಕ್ಕೆ, ಫಾರ್ವರ್ಡ್ ಆಗಿ ಆಡಿಸಿದರು. ಲೆಕ್ಕ ತಪ್ಪಲಿಲ್ಲ. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಒಂದು. ಚುನಿ ಗೋಸ್ವಾಮಿ ನಾಯಕತ್ವದ ಭಾರತಕ್ಕೆ 2-1ರ ಗೆಲುವು.

ಅದಾಗಿ ಒಂಬತ್ತೇ ತಿಂಗಳು. 1963ರ ಜೂನ್ 11ರಂದು ರಹೀಮ್ ತೀರಿಕೊಂಡರು. ಆಗ ವಯಸ್ಸು 53.

ಮಗನೂ ಆಟಗಾರ, ಕಲಬುರಗಿಯ ನಂಟು

ರಹೀಮ್ ಅವರ ಮಗ ಎಸ್.ಎಸ್. ಹಕೀಮ್ ರೋಮ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು, ಫಿಫಾ ರೆಫರಿ ಆದರು, ಕೋಚ್ ಕೂಡ ಆದರು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. 2021ರ ಆಗಸ್ಟ್ 22ರಂದು ಕಲಬುರಗಿಯ ಆಸ್ಪತ್ರೆಯಲ್ಲಿ ನಿಧನರಾದರು.

ಮರೆತದ್ದು ಯಾಕೆ?

ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ. ಅಷ್ಟೊತ್ತಿಗೆ ರಹೀಮ್ ತೀರಿಕೊಂಡು 22 ವರ್ಷ ಆಗಿತ್ತು. ಅವರ ಆಟಗಾರರಾದ ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿಗೆ ಪದ್ಮಶ್ರೀ ಬಂತು. ಮೇಷ್ಟ್ರ ಹೆಸರು ಮಾತ್ರ ಸಿನಿಮಾ ಬರುವ ತನಕ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ.

1970ರ ಕಂಚಿನ ನಂತರ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಯಾವ ಪದಕವೂ ಬಂದಿಲ್ಲ. ಎಡಗಾಲಿನ ಪಂದ್ಯ, ಪಾಸಿಂಗ್ ಪಂದ್ಯಕ್ಕೆ ಬೇಕಿರುವುದು ಒಂದು ಬಾಲು, ಒಂದು ಬಯಲು, ಹೇಳಿಕೊಡುವ ಮನಸ್ಸಿರುವ ಒಬ್ಬ ಪಿ.ಟಿ. ಮೇಷ್ಟ್ರು. ಇಷ್ಟನ್ನ ಸರ್ಕಾರಿ ಹೈಸ್ಕೂಲ್ ಮೈದಾನದಲ್ಲೂ ಮಾಡಬಹುದು.