ಯಾರು ಮರೆತ ದಾರಿ?

ಹೋದ ವರ್ಷ ಗೆಳೆಯನೊಬ್ಬ ಫೋನು ಮಾಡಿ "ಕೊಡಗಿನಲ್ಲಿ ಬೆಟ್ಟದ ಮೇಲೆ ಕೆರೆ ಇರೋ ಟ್ರೆಕ್ಕು ಒಂದು ಹೇಳೋ. ಯಾರೂ ಹೋಗದೇ ಇರೋ ಜಾಗ ಆಗ್ಬೇಕು, ಮರೆತುಹೋದ ದಾರಿ ಆದ್ರೆ ಇನ್ನೂ ಒಳ್ಳೇದು" ಅಂದ. ಅವನು ಹಿಮಾಲಯ ಹತ್ತಿ ಬಂದವನು. ಹಿಮ ಕರಗಿ ಕಲ್ಲಿನ ಬಟ್ಟಲಲ್ಲಿ ನಿಂತ ನೀಲಿ ನೀರು ಅವನ ತಲೆಯಲ್ಲಿ ಕೂತಿದೆ. ನಮ್ಮ ಬೆಟ್ಟಗಳ ಕಥೆ ಬೇರೆ. ಇಲ್ಲಿ ಮಳೆ ಹುಚ್ಚುಹಿಡಿದಂತೆ ಸುರಿಯುತ್ತದೆ, ಸುರಿದದ್ದೆಲ್ಲ ಇಳಿದು ಹೋಗುತ್ತದೆ. ತಡಿಯಂಡಮೋಳ್ ನೆತ್ತಿಯಲ್ಲಾಗಲಿ ಬ್ರಹ್ಮಗಿರಿಯ ಹುಲ್ಲುಗಾವಲಿನಲ್ಲಾಗಲಿ ನೀರು ಬೇಕು ಅಂದರೆ ಪಕ್ಕದ ಶೋಲಾ ಕಾಡಿಗೆ ಇಳಿದು ತೊರೆ ಹುಡುಕಬೇಕು.

ಆದರೂ ಕೇಳಿದನಲ್ಲ ಅಂತ ಸೋಮವಾರಪೇಟೆ ಹತ್ತಿರದ ದೊಡ್ಡಮಳ್ತೆಗೆ ಕರೆದುಕೊಂಡು ಹೋದೆ. ಅಲ್ಲಿ ಗುಡ್ಡದ ಬುಡದಲ್ಲಿ ಹೊನ್ನಮ್ಮನ ಕೆರೆ ಇದೆ. ಜಿಲ್ಲೆಯ ದೊಡ್ಡ ಕೆರೆಗಳಲ್ಲಿ ಅದೂ ಒಂದು. ಕಥೆ ನಿಮಗೆ ಗೊತ್ತಿರುವಂಥದ್ದೇ. ಕೆರೆ ತೋಡಿಸಿದರು, ನೀರು ಬರಲಿಲ್ಲ, ಮನೆಯ ಹೆಣ್ಣುಮಗಳು ಹೊನ್ನಮ್ಮ ಬಲಿಯಾದಳು, ನೀರು ಬಂತು. 'ಕೆರೆಗೆ ಹಾರ'ದ ಭಾಗೀರಥಿಯ ಅಕ್ಕನೋ ತಂಗಿಯೋ ಆಗಬೇಕು ಇವಳು. ಇವತ್ತಿಗೂ ಗೌರಿಹಬ್ಬದ ದಿನ ಇಲ್ಲಿ ಬಾಗಿನ ಬಿಡುತ್ತಾರೆ.

ಗೆಳೆಯನಿಗೆ ಸ್ವಲ್ಪ ನಿರಾಸೆಯಾಯಿತು. "ಇದು ಜನ ಕಟ್ಟಿದ್ದು ಕಣೋ" ಅಂದ. ಹೌದಪ್ಪ, ಕೆರೆ ಅಂದಮೇಲೆ ಕಟ್ಟಿದ್ದೇ! ನಮ್ಮ ಭಾಷೆಯಲ್ಲಿ ಕೆರೆ ಅನ್ನೋ ಮಾತಿಗೆ ಜೋಡಿಯಾಗಿ ಬರೋದೇ 'ಕಟ್ಟು', 'ಕಟ್ಟೆ', 'ಕೋಡಿ', 'ತೂಬು'. ಯಾರೋ ಮಣ್ಣು ಹೊತ್ತಿರುತ್ತಾರೆ, ಯಾರೋ ಸತ್ತಿರುತ್ತಾರೆ. ನಿರ್ಜನ ಸರೋವರ ಹುಡುಕಿಕೊಂಡು ಬಂದವನಿಗೆ ಸಿಕ್ಕಿದ್ದು ಒಬ್ಬಳು ಸೊಸೆಯ ಹೆಸರು.

ಸರಿ, ಕೆರೆ ಆಯ್ತು, ಇನ್ನು ಮರೆತ ದಾರಿ ತೋರಿಸು ಅಂದ. ಕಕ್ಕಬ್ಬೆಗೆ ಹೋದೆವು. ಈ ಬರಹಕ್ಕೆ ಕಾರಣವೇ ಅಲ್ಲಿ ನಡೆದ ಒಂದು ಮಾತು.

ನಾವು ಉಳಿದುಕೊಂಡ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಗೆಳೆಯ ತನ್ನ ಫೋನಿನ ಮ್ಯಾಪು ಹರಡಿ "ಅಜ್ಜ, ಇಲ್ಲಿಂದ ಕೇರಳದ ಕಡೆ ಇಳಿಯೋ ಮರೆತುಹೋದ ದಾರಿ ಇದೆಯಂತೆ, ಗೊತ್ತಾ?" ಅಂದ. ಅಜ್ಜ ಮ್ಯಾಪು ನೋಡಲಿಲ್ಲ, ಇವನ ಮುಖ ನೋಡಿದರು.

"ಎಂತ ಮರೆತದ್ದು ಮಾರಾಯ? ನಮ್ಮ ಅಪ್ಪ ಅದರಲ್ಲಿ ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಹೋಗ್ತಿದ್ರು. ಬರುವಾಗ ಉಪ್ಪು, ಒಣಮೀನು. ನಾವು ಮರೀಲಿಲ್ಲ. ನಡೆಯುವುದು ಬಿಟ್ಟದ್ದು ಅಷ್ಟೆ."

ಆಮೇಲೆ ಊರಿಗೆ ಬಂದು ನನ್ನಲ್ಲಿದ್ದ ಪುಸ್ತಕಗಳನ್ನೆಲ್ಲ ಮತ್ತೆ ತೆಗೆದೆ. 'ಮಂಗಳೂರ ಸಮಾಚಾರ'ದ ಮೋಗ್ಲಿಂಗ್ ಸಾಹೇಬರು ಗೊತ್ತಲ್ಲ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದವರು, ಅವರು 1853ರ ಹೊತ್ತಿಗೆ ಕೊಡಗಿಗೆ ಬಂದು 1855ರಲ್ಲಿ ಕೊಡಗಿನ ರಾಜರ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ಬರೆದರು. 1870ರಲ್ಲಿ ಮಡಿಕೇರಿಯ ಶಾಲೆಯ ರಿಕ್ಟರ್ ಇನ್ನೊಂದು ಬರೆದರು. ಅದಾದ ಮೇಲೆ ಬಿ. ಎಲ್. ರೈಸ್ ಗೆಜೆಟಿಯರು. ಇವನ್ನು ಒಟ್ಟಿಗೆ ಇಟ್ಟುಕೊಂಡರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕೊಡಗಿನ ಕಾಡುದಾರಿಗಳು ತಾವಾಗಿಯೇ ಮರೆತುಹೋದವಲ್ಲ. ಅವನ್ನು ಬೇಕಂತಲೇ ಮುಚ್ಚಿದ ಕಾಲವೊಂದಿತ್ತು, ಬೇಡವಾಗಿ ಬಿಟ್ಟ ಕಾಲ ಇನ್ನೊಂದು.

ಕೊಡಗಿನ ಕಾಡಲ್ಲಿ ಅಲೆದವರು ಕಡಂಗ ನೋಡಿರುತ್ತೀರಿ. ನೋಡಿಯೂ ಅದು ಕಡಂಗ ಅಂತ ಗೊತ್ತಾಗದೇ ದಾಟಿರುತ್ತೀರಿ. ಆಳವಾದ ಕಂದಕ, ಪಕ್ಕದಲ್ಲೇ ತೋಡಿದ ಮಣ್ಣಿನ ದಿಬ್ಬ. ಗುಡ್ಡ ಹತ್ತಿ, ಗದ್ದೆ ಬಯಲು ಇಳಿದು, ಕವಲೊಡೆದು, ಎಲ್ಲೋ ಒಂದು ಬೆಟ್ಟದ ತಲೆ ಸುತ್ತಿಕೊಂಡು ಮೈಲಿಗಟ್ಟಲೆ ಹೋಗುತ್ತದೆ. ಗುದ್ದಲಿ, ಬುಟ್ಟಿಯಲ್ಲಿ ಮಾಡಿದ ಕೆಲಸ. ಒಂಬತ್ತು, ಹತ್ತನೇ ಶತಮಾನದ ಶಾಸನಗಳಲ್ಲೇ ಕಡಂಗದ ಮಾತು ಬರುತ್ತದೆ ಅಂದರೆ ಹಾಲೇರಿಯ ಅರಸರು ಬರುವ ಎಷ್ಟೋ ನೂರು ವರ್ಷ ಮೊದಲೇ ಇವು ಹಳೆಯವಾಗಿದ್ದವು. ನಾಡು ನಾಡುಗಳ ನಡುವೆ ಜಗಳಕ್ಕೆ, ಗಡಿಗೆ, ಕಾವಲಿಗೆ ತೋಡಿದ್ದು. ನಾನು ಮೊದಲ ಸಲ ಕಡಂಗದೊಳಗೆ ನಡೆದಾಗ 'ಆಹಾ, ಎಂಥ ನೆರಳಿನ ಸೊಗಸಾದ ಟ್ರೇಲು' ಅಂದುಕೊಂಡಿದ್ದೆ. ನನ್ನ ಬುದ್ಧಿಗೆ ಇಷ್ಟು ಸಾಕು :-)

ಹಾಲೇರಿ ರಾಜರು ಈ ಬುದ್ಧಿಯನ್ನೇ ಮುಂದುವರಿಸಿದರು. ಘಟ್ಟದ ಬಾಯಿಗಳಲ್ಲಿ ಉಕ್ಕಡಗಳಿದ್ದವು, ಅಂದರೆ ಕಾವಲು ಕಟ್ಟೆಗಳು. ಒಳಗೆ ಬರುವವರನ್ನಷ್ಟೇ ಅಲ್ಲ, ಹೊರಗೆ ಹೋಗುವವರನ್ನೂ ತಡೆಯುತ್ತಿದ್ದರು. ಒಳ್ಳೆಯ ರಸ್ತೆ ಮಾಡಿದರೆ ಅದರ ಮೇಲೆ ಮೊದಲು ಬರುವುದು ಫಿರಂಗಿ ಅನ್ನುವುದು ಅವರಿಗೆ ಅನುಭವದಿಂದ ಗೊತ್ತಿತ್ತು. ಹೈದರ್, ಟಿಪ್ಪು ಇಬ್ಬರ ದಂಡನ್ನೂ ಕಂಡವರು ಅವರು. ದೊಡ್ಡ ವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ 1788ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡು ಕಿಗ್ಗಟ್ಟುನಾಡಿನ ಕುರ್ಚಿಗೆ ಓಡಿ ಬಂದದ್ದು ಇಂಥ ಕಾಡಿನ ನಂಬಿಕೆಯ ಮೇಲೆಯೇ. 1790ರಲ್ಲಿ ಕಂಪನಿಯ ಜೊತೆ ಒಪ್ಪಂದವಾಯಿತು. 1791ರಲ್ಲಿ ಅಬರ್‌ಕ್ರಾಂಬಿಯ ಮುಂಬಯಿ ಸೇನೆ ಮಲಬಾರಿನಿಂದ ಪೆರುಂಬಾಡಿ ಘಾಟಿ ಹತ್ತಿ ಬಂತು. ಆ ಭೇಟಿಯ ನೆನಪಿಗೇ ಮರುವರ್ಷ ವೀರರಾಜೇಂದ್ರಪೇಟೆ, ಈಗಿನ ವಿರಾಜಪೇಟೆ, ಹುಟ್ಟಿದ್ದು. ಸ್ನೇಹಿತರಿಗೆ ಒಂದು ದಾರಿ ತೆರೆದ ಅರಸ ತನಗೆ ಅಂತ ಮಾತ್ರ ಕಾಡಿನೊಳಗೆ ಇನ್ನೊಂದು ಜಾಗ ನೋಡಿಕೊಂಡ. ಅದೇ ತಡಿಯಂಡಮೋಳ್ ಬುಡದ ನಾಲ್ಕುನಾಡು ಅರಮನೆ, 1792ರಲ್ಲಿ ಶುರುವಾಗಿದ್ದು.

ನೀವು ತಡಿಯಂಡಮೋಳ್ ಹತ್ತಿದ್ದರೆ ಅರಮನೆ ಪಕ್ಕದಲ್ಲೇ ಹಾದುಹೋಗಿರುತ್ತೀರಿ. ಹೆಚ್ಚಿನವರು ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಶೂ ಬಿಗಿದು, 1748 ಮೀಟರ್ ಎತ್ತರದ ಶಿಖರದ ಕಡೆ ಮುಖ ಮಾಡುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಮೂರನೇ ಸಲ, ಅಂದರೆ ಈ ಗೆಳೆಯನ ಜೊತೆ, ಒಳಗೆ ಹೋದೆವು. ದೊಡ್ಡ ಅರಮನೆಯೇನಲ್ಲ. ಮರದ ಕಂಬ, ಗೋಡೆಯ ಮೇಲೆ ಮಾಸಿದ ಚಿತ್ರ, ಅಂಗಳದಲ್ಲಿ ಚಿಕ್ಕ ಮದುವೆ ಮಂಟಪ. 1796ರಲ್ಲಿ ದೊಡ್ಡ ವೀರರಾಜೇಂದ್ರ ಮಹಾದೇವಮ್ಮನನ್ನು ಮದುವೆಯಾದದ್ದು ಅಲ್ಲಿ. ಒಳಗಿನ ಕತ್ತಲಿಂದ ಹೊರಗೆ ನೋಡಿದರೆ ಬೆಟ್ಟ. ಬೆಟ್ಟದ ಆಚೆಗೆ ಮಲಬಾರು.

ಈ ಅರಮನೆಗೆ ಕೊನೆಯ ಅರಸ ಓಡಿಬಂದದ್ದು 1834ರ ಏಪ್ರಿಲಿನಲ್ಲಿ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿದವರಿಗೆ ಹಿನ್ನೆಲೆ ಬೇರೆ ಹೇಳಬೇಕಿಲ್ಲ. 1832ರಲ್ಲಿ ರಾಜನ ತಂಗಿ ದೇವಮ್ಮಾಜಿ ಮತ್ತು ಗಂಡ ಚೆನ್ನಬಸಪ್ಪ ಅಪ್ಪಂಗಳದಿಂದ ತಪ್ಪಿಸಿಕೊಂಡು ಗಡಿ ದಾಟಿ ಮೈಸೂರಿನ ರೆಸಿಡೆಂಟನ ಆಶ್ರಯ ಸೇರಿದರು. ಇಷ್ಟೆಲ್ಲ ಉಕ್ಕಡ ಕಟ್ಟಿ ಕೂತರೂ ಮನೆಯವರೇ ದಾಟಿಹೋದರು! ಎರಡು ವರ್ಷದಲ್ಲಿ ಕಂಪನಿ ಸೇನೆ ನಾಲ್ಕು ದಿಕ್ಕಿನಿಂದ ನುಗ್ಗಿತು.

ಇಲ್ಲಿ ನಮ್ಮ ದಾರಿಗಳ ಕಥೆ ಕೇಳಿ. ಪಶ್ಚಿಮದಿಂದ, ಕುಂಬಳೆ ಕಡೆಯಿಂದ ಘಟ್ಟ ಹತ್ತಲು ಹೊರಟ ಜಾಕ್ಸನ್ನನ ತಂಡ ಪೆಟ್ಟು ತಿಂದು ಹಿಂದಕ್ಕೆ ಹೋಯಿತು. ಉತ್ತರದಿಂದ ಬಂದ ವಾನ ತಂಡ ಏಪ್ರಿಲ್ 3ರಂದು ಬಕ್ಕದ ಮರದ ಕೋಟೆಗೆ ಮುಗ್ಗರಿಸಿತು. ಕರ್ನಲ್ ಮಿಲ್ ಅಲ್ಲೇ ಸತ್ತ. ಕಿರಿದಾದ ಕಾಡುದಾರಿ, ಅಡ್ಡ ಕಡಿದು ಕೆಡವಿದ ಮರ, ಮೇಲಿನಿಂದ ಗುಂಡು. ಆದರೆ ಪೂರ್ವದಿಂದ ಕಾವೇರಿ ದಾಟಿ ಬಂದ ಲಿಂಡ್ಸೆಯ ತಂಡ ಏಪ್ರಿಲ್ 6ಕ್ಕೆ ಮಡಿಕೇರಿ ಸೇರಿಬಿಟ್ಟಿತು. ಹತ್ತನೇ ತಾರೀಕು ರಾಜ ನಾಲ್ಕುನಾಡಿನಿಂದ ಬಂದು ಶರಣಾದ. ಮೇ 7ಕ್ಕೆ ಫ್ರೇಸರನ ಘೋಷಣೆ, ಕೊಡಗು ಕಂಪನಿಯದಾಯಿತು. ಕಾಡು ಸೋತಿತು ಅಂತ ನನಗನ್ನಿಸುವುದಿಲ್ಲ. ಎರಡು ಕಡೆ ಕಾಡು ತನ್ನ ಕೆಲಸ ಮಾಡಿತ್ತು. ಕಾದಾಡಬೇಕೋ ಬೇಡವೋ ಅಂತ ಅರಸನಿಗೇ ನಿಲುವಿರಲಿಲ್ಲ.

ಮೂರೇ ವರ್ಷಕ್ಕೆ ಘಟ್ಟದ ಕೆಳಗೆ ಕಿಚ್ಚೆದ್ದಿತು. ಕೊಡಗಿನ ಅರಸರ ಕೈಯಲ್ಲಿದ್ದ ಅಮರ-ಸುಳ್ಯ, ಪುತ್ತೂರು ಸೀಮೆಗಳನ್ನು ಕತ್ತರಿಸಿ ದಕ್ಷಿಣ ಕನ್ನಡಕ್ಕೆ ಸೇರಿಸಿದ್ದರು, ಕಂದಾಯ ನಗದಿನಲ್ಲೇ ಕಟ್ಟಬೇಕು ಅಂದಿದ್ದರು. 1837ರಲ್ಲಿ ಆ ಕಡೆಯ ರೈತರು ಮಂಗಳೂರಿನವರೆಗೆ ನಡೆದು ಊರನ್ನು ಕೆಲವು ದಿನ ಕೈಯಲ್ಲಿಟ್ಟುಕೊಂಡರು. ದಂಗೆ ಮುರಿದ ಮೇಲೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಮೇಲಿನವರು ಕೆಳಗಿನವರು ಅಂತ ಅಡ್ಡಗೆರೆ ಎಳೆದದ್ದು ಆಗ. ನಡೆದಾಡುವವರಿಗೆ ಅಲ್ಲಿಯವರೆಗೆ ಅದು ಒಂದೇ ಸೀಮೆ.

ಆಮೇಲೆ ಬಂದದ್ದು ಕಾಫಿ. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಸಾಹೇಬ ಮೊದಲ ಯುರೋಪಿಯನ್ ತೋಟ ಮಾಡಿದ. ಕಾಫಿಯನ್ನು ಎತ್ತಿನ ಬೆನ್ನ ಮೇಲೆ ಎಷ್ಟು ಸಾಗಿಸಲಾದೀತು? ಗಾಡಿ ಓಡಬೇಕು, ಮಂಗಳೂರಿನ, ತಲಶ್ಶೇರಿಯ ಹಡಗು ಮುಟ್ಟಬೇಕು. ಸಂಪಾಜೆಯ ಕಡೆ, ಪೆರುಂಬಾಡಿಯ ಕಡೆ ಗುಡ್ಡ ಕಡಿದು ಗಾಡಿರಸ್ತೆಗಳಾದವು. ಮುಚ್ಚಿಟ್ಟ ನಾಡು ತೆರೆಯಿತು. ಅದರ ಜೊತೆಗೇ ಹತ್ತಾರು ಸಣ್ಣ ಘಟ್ಟದ ದಾರಿಗಳಿಗೆ ಹುಲ್ಲು ಬೆಳೆಯಿತು. ಅಜ್ಜ ಹೇಳಿದ 'ನಡೆಯುವುದು ಬಿಟ್ಟದ್ದು' ಇದೇ.

ಒಂದನ್ನು ಮಾತ್ರ ಬಿಟ್ಟಿಲ್ಲ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನಿಗೆ ಘಟ್ಟದ ಕೆಳಗೆ ಅಣ್ಣತಮ್ಮಂದಿರಿದ್ದಾರೆ. ಸಮುದ್ರದ ಕಡೆಯಿಂದ ಬಂದ ಒಡಹುಟ್ಟಿದವರಲ್ಲಿ ಕೆಲವರು ಮಲೆಯಾಳದಲ್ಲೇ ಉಳಿದರು, ಕೆಲವರು ಘಟ್ಟ ಹತ್ತಿ ಬಂದರು ಅನ್ನುವುದು ಕಥೆ. ಬೈತೂರಪ್ಪ ಕಣ್ಣೂರು ಜಿಲ್ಲೆಯ ಉಳಿಕ್ಕಲ್ ಬಳಿಯ ವಯತ್ತೂರಿನಲ್ಲಿ ನಿಂತ. ಅಲ್ಲಿನ ಜನವರಿ ಹಬ್ಬಕ್ಕೆ ಈಗಲೂ ಕೊಡವರು ಎತ್ತುಗಳ ಮೇಲೆ ಅಕ್ಕಿ ಹೇರಿಕೊಂಡು ಘಟ್ಟ ಇಳಿಯುತ್ತಾರೆ. ವ್ಯಾಪಾರದ ಎತ್ತು ನಿಂತುಹೋಯಿತು, ದೇವರ ಎತ್ತು ನಿಂತಿಲ್ಲ. ಇರ್ಪುವಿನಿಂದ ಬ್ರಹ್ಮಗಿರಿ ದಾಟಿ ತಿರುನೆಲ್ಲಿಗೆ ಹೋಗುವ ದಾರಿಯೂ ಹೀಗೇ, ನಮಗೆ ಟ್ರೆಕ್ಕು, ಹಳಬರಿಗೆ ಪಿತೃಕಾರ್ಯ.

ಈಗ ಬ್ರಹ್ಮಗಿರಿ 1974ರಿಂದ, ತಲಕಾವೇರಿ ಮತ್ತು ಪುಷ್ಪಗಿರಿ 1987ರಿಂದ ವನ್ಯಜೀವಿಧಾಮಗಳು. ಅನುಮತಿ ಬೇಕು, ಶುಲ್ಕ ಕಟ್ಟಬೇಕು, ಗೈಡ್ ಜೊತೆಗಿರಬೇಕು. ಇದು ಸರಿಯೇ. ನಮ್ಮಂಥವರ ಪ್ಲಾಸ್ಟಿಕ್ ನೋಡಿದ್ದೇನಲ್ಲ. ಆದರೆ ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸುವಾಗಲೆಲ್ಲ ಉಕ್ಕಡ ನೆನಪಾಗುತ್ತದೆ. ನಮ್ಮ ಮುಂದೆ ನಡೆದ ಗೈಡ್ ಕುರುಬರ ಹುಡುಗ, ದಾರಿ ಕಾಣದಲ್ಲೂ ಕಾಲಿಡುತ್ತಿದ್ದ. ನಾಗರಹೊಳೆಯ ಹಾಡಿಗಳಿಂದ ಹೊರಗೆ ಬಂದ ಜೇನುಕುರುಬರ, ಯರವರ ಮಕ್ಕಳು 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಅಜ್ಜಂದಿರ ಜಾಗ ತೋರಿಸಬೇಕಾದಾಗ ಇಂಥ ಕಾಲುದಾರಿಗಳನ್ನೇ ಅಲ್ಲವೇ ತೋರಿಸಬೇಕು? ಅವರ ಎದುರು ನಿಂತು 'ಮರೆತುಹೋದ ದಾರಿ' ಅನ್ನಲು ನನಗಂತೂ ನಾಲಗೆ ಏಳುವುದಿಲ್ಲ.

2018ರ ಆಗಸ್ಟ್ ಕೊಡಗಿನವರಾರೂ ಮರೆಯುವಂಥದ್ದಲ್ಲ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು... ಗುಡ್ಡಗಳೇ ಇಳಿದು ಬಂದವು. ಮಡಿಕೇರಿ-ಸಂಪಾಜೆ ರಸ್ತೆ ಕಡಿದು ನಿಂತಿತು. ಒಳಗೆ ಸಿಕ್ಕಿಕೊಂಡ ಎಷ್ಟೋ ಜನ, ಮುದುಕರು ಮಕ್ಕಳನ್ನು ಕಟ್ಟಿಕೊಂಡು ಬೆಟ್ಟದ ಮೇಲೆ ನಡೆದೇ ಹೊರಗೆ ಬಂದರು. ಆ ದಿನ ಕಾಲುದಾರಿ ಗೊತ್ತಿದ್ದವರು ಮುಂದೆ, ಉಳಿದವರು ಹಿಂದೆ. ಇದನ್ನೂ ಅಜ್ಜನೇ ಹೇಳಿದ್ದು, ಇನ್ನೊಂದು ಲೋಟ ಕಾಫಿಯ ಜೊತೆ.

ಗೆಳೆಯ ಈಗ ಬೈತೂರು ಹಬ್ಬಕ್ಕೆ ನಡೆದು ಹೋಗಬೇಕು ಅಂತ ಹಟ ಹಿಡಿದಿದ್ದಾನೆ. ಅಜ್ಜನಿಗೆ ಫೋನು ಮಾಡಿ ಅರವತ್ತು ಲೀಟರಿನ ಬ್ಯಾಗು ತರಬಹುದಾ ಅಂತ ಕೇಳಿದನಂತೆ.

"ತಾ ಮಾರಾಯ. ಆದರೆ ನೀನೇ ಹೊರಬೇಕು. ಎತ್ತಿನ ಮೇಲೆ ದೇವರ ಅಕ್ಕಿ ಮಾತ್ರ" ಅಂದರಂತೆ.