ಬಸುರಿಯ ಬೆನ್ನುನೋವು: ಮದ್ದಿಲ್ಲದ ಉಪಶಮನದ ಇತಿಹಾಸ

ಬಸುರಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಕಾಡುವ ಸೊಂಟ ಮತ್ತು ಬೆನ್ನಿನ ನೋವನ್ನು ಗುಳಿಗೆಯಿಲ್ಲದೆ ತಗ್ಗಿಸುವ ಕ್ರಮಗಳು ಕರ್ನಾಟಕದಲ್ಲಿ ಮೂರು ದಾರಿಗಳಲ್ಲಿ ಬೆಳೆದು ಬಂದಿವೆ: ಆಯುರ್ವೇದದ ಗರ್ಭಿಣೀ ಪರಿಚರ್ಯೆ, ಸೂಲಗಿತ್ತಿಯರ ಮನೆಮದ್ದು, ಇಪ್ಪತ್ತನೆಯ ಶತಮಾನದ ಯೋಗ ಹಾಗೂ ಫಿಸಿಯೋಥೆರಪಿ. ನಾಲ್ಕನೆಯದೊಂದಿದೆ, ವಿರಾಮ. ಅದನ್ನು ಚಿಕಿತ್ಸೆಯೆಂದು ಯಾರೂ ಬರೆದಿಡಲಿಲ್ಲ.

ಹೊಟ್ಟೆ ಮುಂದೆ ಬಂದಂತೆ ದೇಹದ ಭಾರವೂ ಮುಂದಕ್ಕೆ ಸರಿಯುತ್ತದೆ. ಸಮತೋಲ ಕಾಯಲು ಹೆಂಗಸು ಬೆನ್ನನ್ನು ಹಿಂದಕ್ಕೆ ಬಾಗಿಸಿ ನಡೆಯುತ್ತಾಳೆ. ಕಿಬ್ಬೊಟ್ಟೆಯ ಸ್ನಾಯುಗಳು ಹಿಗ್ಗಿ ಬೆನ್ನಿಗೆ ಆಸರೆ ತಪ್ಪುತ್ತದೆ. ಸೊಂಟದ ಕೀಲುಗಳೂ ಸಡಿಲಾಗುತ್ತವೆ. ಇದಕ್ಕೆ ಕಾರಣವೆನ್ನುವ ರಿಲ್ಯಾಕ್ಸಿನ್ ಹಾರ್ಮೋನನ್ನು ಫ್ರೆಡರಿಕ್ ಹಿಸಾ 1926ರಲ್ಲಿ ಗಿನಿಯಿಲಿಗಳ ಮೇಲಿನ ಪ್ರಯೋಗದಲ್ಲಿ ಗುರುತಿಸಿದ.

ಚರಕಸಂಹಿತೆಯ ಶಾರೀರಸ್ಥಾನ ಗರ್ಭಿಣಿಗೆ ತಿಂಗಳು ತಿಂಗಳ ಆಹಾರಕ್ರಮವನ್ನು ವಿಧಿಸುತ್ತದೆ. ಮೊದಲ ತಿಂಗಳುಗಳಲ್ಲಿ ಹಾಲು, ಆಮೇಲೆ ಬೆಣ್ಣೆ, ತುಪ್ಪ, ಒಂಬತ್ತನೆಯ ತಿಂಗಳಲ್ಲಿ ಎಣ್ಣೆಯ ಬಸ್ತಿ (ಎನಿಮಾ). ಇಷ್ಟೆಲ್ಲ ಮಾಡಿದರೆ ಸೊಂಟ, ಪಕ್ಕೆ, ಬೆನ್ನು ಮೃದುವಾಗುತ್ತವೆ ಎಂದು ಗ್ರಂಥವೇ ಫಲವನ್ನು ಹೇಳುತ್ತದೆ. ಹಾಲು, ತುಪ್ಪ ಧಾರಾಳವಾಗಿದ್ದ ಮನೆಗಷ್ಟೇ ಒಪ್ಪುವ ಕ್ರಮವಿದು.

ಕೂಲಿ ಮಾಡುವವರ ಪಾಲಿಗೆ ಇದ್ದವಳು ಸೂಲಗಿತ್ತಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಈ ಪರಂಪರೆಯ ಹೆಸರಾಂತ ಪ್ರತಿನಿಧಿ. ಅಜ್ಜಿಯಿಂದ ವಿದ್ಯೆ ಕಲಿತು, ಕಾಸು ಕೇಳದೆ ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹಳ್ಳಿಗಳಲ್ಲಿ ನಡುನೋವಿಗೆ ಮಾಡುತ್ತಿದ್ದುದು ಬಿಸಿನೀರು, ಬಟ್ಟೆಯ ಶಾಖ, ಬೆನ್ನಿಗೆ ಹದವಾಗಿ ಹರಳೆಣ್ಣೆ ತಿಕ್ಕುವುದು. ಹೊರಗಿನಿಂದ ಹಚ್ಚುವ ಎಣ್ಣೆ ಸರಿ. ಹರಳೆಣ್ಣೆ ಕುಡಿಸುವುದು, ಹೊಟ್ಟೆಯನ್ನು ಒತ್ತಿ ನೀವುವುದು ಅಪಾಯ. ಮಗ್ಗುಲು ಬದಲಿಸುವಾಗ ಎದ್ದು ಕೂತು ತಿರುಗಬೇಕು, ಇಲ್ಲದಿದ್ದರೆ ಮಗುವಿನ ಕೊರಳಿಗೆ ಕರುಳು ಸುತ್ತಿಕೊಳ್ಳುತ್ತದೆ ಎಂಬ ನಂಬಿಕೆ ಇಂದಿಗೂ ಮನೆಮನೆಯಲ್ಲಿದೆ. ಅದರಲ್ಲಿ ಹುರುಳಿಲ್ಲ. ಮಂಡಿ ಮಡಚಿ, ಭುಜ ಮತ್ತು ಸೊಂಟವನ್ನು ಒಟ್ಟಿಗೆ ಹೊರಳಿಸಿ, ಪಕ್ಕಕ್ಕೆ ಬಂದು ಕೈಯೂರಿ ಏಳುವುದೇ ಬೆನ್ನಿಗೆ ಹಿತ.

ವಿಚಿತ್ರವೆಂದರೆ ಎಣ್ಣೆ, ಬಿಸಿನೀರು, ಸೊಂಟಕ್ಕೆ ಕಟ್ಟುವ ಬಟ್ಟೆ ಎಲ್ಲವೂ ಧಾರಾಳವಾಗಿ ಸಿಕ್ಕಿದ್ದು ಬಾಣಂತಿಗೆ, ಬಸುರಿಗಲ್ಲ. ದುಡಿದಷ್ಟೂ ಹೆರಿಗೆ ಸಲೀಸು ಎಂಬ ಮಾತೇ ಅವಳ ಪಾಲಿಗೆ ಬಂತು. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸೀಮೆಯನ್ನು ನೋಡಿದರೆ ಇದರ ಭಾರ ತಿಳಿಯುತ್ತದೆ. ಭದ್ರಾ ನಾಲೆಯ ನೀರು ಕಂಡ ಚನ್ನಗಿರಿ, ಹೊನ್ನಾಳಿ ಕಡೆ ಭತ್ತದ ನಾಟಿ ಹೆಂಗಸರದೇ ಕೆಲಸ: ಕೆಸರಿನಲ್ಲಿ ದಿನವಿಡೀ ಬಗ್ಗಿ ಹಿಂದಕ್ಕೆ ಹೆಜ್ಜೆಯಿಡಬೇಕು. ಅಡಿಕೆ ಸುಗ್ಗಿಯಲ್ಲಿ ಗಂಟೆಗಟ್ಟಲೆ ಕೂತು ಸುಲಿಯಬೇಕು. ಮಳೆ ಕಡಿಮೆಯ ಜಗಳೂರಿನಲ್ಲಿ ನೀರಿನ ಕೊಡ ಹೊರಬೇಕು. ಇಂಥವಳಿಗೆ ಬಿಡುವು ಕೊಟ್ಟದ್ದು ಕುಬುಸದ ಶಾಸ್ತ್ರ. ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲೋ ಆಮೇಲೋ ಕುಬುಸ ಮಾಡಿ ತವರಿಗೆ ಕರೆದೊಯ್ಯುತ್ತಿದ್ದರು. ನೋವು ಬಲಿಯುವ ತಿಂಗಳುಗಳಲ್ಲೇ ನಾಟಿಯಿಂದ ಬಿಡುಗಡೆ. ಎರಡನೆಯ ಮೂರನೆಯ ಬಸಿರಿಗೆ ಆ ಭಾಗ್ಯ ಎಲ್ಲರಿಗೂ ಇರಲಿಲ್ಲ.

ಯೋಗದ ಆಧುನಿಕ ರೂಪಕ್ಕೂ ಈ ಸೀಮೆಯ ನೆರೆಹೊರೆಗೂ ನಂಟುಂಟು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿ, ಮರುವರ್ಷ ಕನ್ನಡದಲ್ಲಿ ‘ಯೋಗ ಮಕರಂದ’ ಪ್ರಕಟಿಸಿದರು. ಆ ಶಾಲೆಯಲ್ಲಿ ಹೆಚ್ಚಿನವರು ಹುಡುಗರು. ಬಸುರಿಗೆ ತಕ್ಕ ಆಸನಗಳನ್ನು ವಿವರವಾಗಿ ಕಟ್ಟಿಕೊಟ್ಟವರು ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರ ಮಗಳು ಗೀತಾ. ಹೆಂಗಸರ ಯೋಗದ ಬಗೆಗಿನ ಅವರ ಇಂಗ್ಲಿಷ್ ಪುಸ್ತಕ 1983ರಲ್ಲಿ ಬಂತು. ದಿಂಬು, ಗೋಡೆ, ಕುರ್ಚಿಯ ಆಸರೆ ಈ ಪರಂಪರೆಯ ಗುರುತು. ಬೆಂಗಳೂರಿನಲ್ಲಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಆರ್. ನಾಗರತ್ನ ಮತ್ತು ಸಂಗಡಿಗರು 335 ಬಸುರಿಯರ ಮೇಲಿನ ಯೋಗದ ಅಧ್ಯಯನವನ್ನು 2005ರಲ್ಲಿ ಪ್ರಕಟಿಸಿದರು. ಅದು ಅಳೆದದ್ದು ಮಗುವಿನ ತೂಕ, ಅವಧಿಪೂರ್ವ ಹೆರಿಗೆ ಇತ್ಯಾದಿಗಳನ್ನು, ಬೆನ್ನುನೋವನ್ನಲ್ಲ. ಜಾಹೀರಾತುಗಳು ಈ ಭೇದವನ್ನು ಮರೆಯುತ್ತವೆ.

ಬಸುರಿಯರು ನುಂಗುವ ಗುಳಿಗೆಯ ಬಗ್ಗೆ ಜಗತ್ತೇ ಎಚ್ಚರಗೊಂಡದ್ದು ಥಾಲಿಡೊಮೈಡ್ ಎಂಬ ಔಷಧದ ದುರಂತದಿಂದ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಕೈಕಾಲು ಬೆಳೆಯದ ಸಾವಿರಾರು ಮಕ್ಕಳ ಹುಟ್ಟಿಗೆ ಕಾರಣವಾಗಿ, 1961ರ ಕೊನೆಗೆ ಅಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಐಬುಪ್ರೊಫೆನ್‌ನಂಥ ನೋವುನಿವಾರಕಗಳನ್ನು 20 ವಾರಗಳ ನಂತರ ಆದಷ್ಟು ಬಳಸಬಾರದೆಂದು ಅಮೆರಿಕದ ಔಷಧ ಆಡಳಿತ 2020ರಲ್ಲಿ ಎಚ್ಚರಿಸಿತು. 5,121 ಹೆಂಗಸರ ಮೇಲಿನ 34 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2015ರ ಕಾಕ್ರೇನ್ ವಿಮರ್ಶೆ, ವ್ಯಾಯಾಮದಿಂದ ಕೆಳಬೆನ್ನಿನ ನೋವು ತಗ್ಗಬಹುದು, ಆದರೆ ಪುರಾವೆ ಗಟ್ಟಿಯಲ್ಲ ಎಂದಿತು. ವೈದ್ಯರು ಈಗ ಸಾಮಾನ್ಯವಾಗಿ ಹೇಳುವುದು ಇಷ್ಟು: ಮಂಡಿಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗುವುದು, ತಗ್ಗು ಹಿಮ್ಮಡಿಯ ಚಪ್ಪಲಿ, ನಡಿಗೆ, ಮಾರ್ಜಾಲಾಸನ, ಬೇಕಾದರೆ ಸೊಂಟಪಟ್ಟಿ.

ವಿರಾಮದ ಹಕ್ಕು ಕಾನೂನಿಗೆ ತಡವಾಗಿ ಬಂತು. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಬಸುರಿ ಕೇಳಿಕೊಂಡರೆ ಹೆರಿಗೆಗೆ ಮುಂಚಿನ ವಾರಗಳಲ್ಲಿ ಶ್ರಮದ ಕೆಲಸ, ಬಹು ಹೊತ್ತು ನಿಲ್ಲಿಸುವ ಕೆಲಸ ಕೊಡಬಾರದೆಂದಿತು. ಕಾರ್ಖಾನೆ, ಗಣಿ, ತೋಟಗಳಿಗೆಂದು ಮಾಡಿದ ಆ ಕಾಯ್ದೆ ಗದ್ದೆಯ ದಿನಗೂಲಿಯವಳನ್ನು ಮುಟ್ಟಲಿಲ್ಲ. 2017ರ ಮಾತೃವಂದನಾ ಯೋಜನೆ ಕೂಲಿನಷ್ಟಕ್ಕೆಂದು ಮೊದಲ ಮಗುವಿಗೆ 5,000 ರೂಪಾಯಿ ಕೊಡುತ್ತದೆ. ಒಂದು ಹಂಗಾಮಿನ ನಾಟಿ ಬಿಡಲೂ ಅದು ಸಾಲದು.

ಎಲ್ಲ ಬೆನ್ನುನೋವೂ ಶಾಖಕ್ಕೆ ಬಗ್ಗುವುದಿಲ್ಲ. ನೋವಿನೊಡನೆ ರಕ್ತಸ್ರಾವ, ಜ್ವರ, ಉರಿಮೂತ್ರ, ಕಾಲಿನಲ್ಲಿ ಶಕ್ತಿ ಕುಂದುವುದು ಕಂಡರೆ, ಅಥವಾ 37 ವಾರ ತುಂಬುವ ಮುನ್ನ ನೋವು ಬಿಟ್ಟುಬಿಟ್ಟು ಅಲೆಯಂತೆ ಬಂದರೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು.